ಡಬಲ್ ಅಕ್ಕನ ಒಂಟಿ ಹೊಲಿಗೆ

ಅವಳಿಗೆ ಡಬಲ್ ಅಕ್ಕ ಎಂಬ ಹೆಸರು ಬಿದ್ದದ್ದು ಮೈ ನೋಡಿ ಅಲ್ಲ. ಮೈಯಲ್ಲಿ ಅವಳು ಬರೀ ಕಡ್ಡಿ. ಗಾಳಿ ಜೋರಾದರೆ ಬಾಗಿಲು ಹಿಡಿದುಕೊಳ್ಳಬೇಕು. ಹೆಸರು ಬಂದದ್ದು ಹೊಲಿಗೆಯಿಂದ. ಬೇರೆ ದರ್ಜಿಗಳು ಒಂದು ಸಾಲು ಹೊಲಿದು ಕೈ ತೊಳೆದುಕೊಳ್ಳುವ ಕಡೆ ಇವಳು ಎರಡು ಸಾಲು ಹಾಕುತ್ತಾಳೆ. ಕೇಳಿದರೆ, "ಒಂದು ಹೊಲಿಗೆ ಗಿರಾಕಿಗೆ, ಇನ್ನೊಂದು ನನ್ನ ನಿದ್ದೆಗೆ" ಅನ್ನುತ್ತಾಳೆ. ಮೈ ಬಂದವರು ಅಂಗಿ ಸಡಿಲ ಮಾಡಿಸೋಣ ಎಂದು ಪಕ್ಕದ ಬೀದಿಯ ದರ್ಜಿಯ ಹತ್ತಿರ ಹೋದರೆ, ಅವನು ಒಳಮಗ್ಗುಲು ತಿರುಗಿಸಿ ನೋಡಿ, "ಇದು ಡಬಲ್ ಅಕ್ಕನ ಕೈದಾ? ಬಿಚ್ಚೋಕೆ ನನ್ನಪ್ಪನ ಕೈಲೂ ಆಗಲ್ಲ, ತಗೊಂಡು ಹೋಗಿ" ಎಂದು ಕೈ ಮುಗಿಯುತ್ತಾನೆ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಕಿಟಕಿಗೆ ಒತ್ತಿಕೊಂಡು ಮಷಿನ್ನು, ಗೋಡೆಯ ಮೊಳೆಗೆ ಬಣ್ಣಬಣ್ಣದ ದಾರದ ಉಂಡೆಗಳು, ನೆಲದ ಮೇಲೆ ಎಷ್ಟು ಗುಡಿಸಿದರೂ ಉಳಿಯುವ ಚಿಂದಿ. ಮಹಡಿಯ ಮೇಲೆ ಅವಳ ಓರಗಿತ್ತಿಯ ಸಂಸಾರ. ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಶಾಲೆಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದವಳು. ಇಡೀ ಬೀದಿಗೆ ಪೀಟಿ ಮೇಡಂ. ನಿವೃತ್ತಿಯಾಗಿ ವರ್ಷವಾದರೂ ಕುತ್ತಿಗೆಯಿಂದ ಸೀಟಿ ಇಳಿದಿಲ್ಲ. ಎರಡು ಜಡೆ ಸೇರಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ? ಇವರಿಬ್ಬರ ಜಗಳ ಬೆಳಿಗ್ಗೆ ನೀರಿನ ಮೋಟಾರಿನ ಜೊತೆ ಶುರುವಾದರೆ ಮಧ್ಯಾಹ್ನದ ಊಟಕ್ಕೆ ವಿರಾಮ. ಮೇಲಿನವಳು ಸೀಟಿ ಊದಿದರೆ ಕೆಳಗಿನವಳು ಊಟಕ್ಕೆ ಮೇಲೆ ಹತ್ತಿ ಬರಬೇಕು. ಕರೆಯುವ ರೀತಿಗೆ ಬೈಯುತ್ತಲೇ ಅವಳು ಹತ್ತಿ ಬರುತ್ತಾಳೆ, ಇವತ್ತಿಗೂ.

ಮೂವತ್ತು ವರ್ಷದ ಹಿಂದಿನ ಒಂದು ಸಂಗತಿ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪೀಟಿ ಮೇಡಂಗೆ ಮಗಳು ಹುಟ್ಟಿದ ಮೂರನೇ ದಿನ ಜ್ವರ ಬಂತು. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. ಸೂಜಿ ತೆಗೆಯುವಷ್ಟರಲ್ಲಿ ಮುಖ ಊದಿತು, ತುಟಿ ನೀಲಿಯಾಯಿತು, ಉಸಿರು ಅರ್ಧದಲ್ಲೇ ಸಿಕ್ಕಿಕೊಂಡಿತು. ಪಕ್ಕದಲ್ಲಿ ಇದ್ದವಳು ಡಬಲ್ ಅಕ್ಕ ಒಬ್ಬಳೇ. ಅವಳು ಕೂಗಿದ ಕೂಗಿಗೆ ಮೂರು ವಾರ್ಡಿನ ನರ್ಸುಗಳು ಓಡಿಬಂದರು. ಜೀವ ಉಳಿಯಿತು. ಆಮೇಲೆ ಡಾಕ್ಟರಮ್ಮ ಆ ಔಷಧಿಯ ಹೆಸರನ್ನು ಒಂದು ಚೀಟಿಯಲ್ಲಿ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಅಕ್ಕನ ಕೈಗೆ ಕೊಟ್ಟರು.

"ಇನ್ನೊಂದು ಸಲ ಇದನ್ನ ಕೊಟ್ರೆ ಇವರು ಉಳಿಯಲ್ಲಮ್ಮ. ಈ ಹೆಸರು ಯಾವಾಗಲೂ ಇವರ ಮೈಮೇಲೇ ಇರಬೇಕು, ತಿಳೀತಾ?"

ಚೀಟಿ ಪರ್ಸಿನಲ್ಲಿ ಇರಲಿ ಎಂದು ಡಾಕ್ಟರಮ್ಮನ ಅರ್ಥ. ಬೇರೆ ಯಾರಾದರೂ ಹಾಗೇ ತಿಳಿದುಕೊಳ್ಳುತ್ತಿದ್ದರು. ದರ್ಜಿಗೆ ಮೈಮೇಲೆ ಎಂದರೆ ಮೈಮೇಲೆ! ನಾಲ್ಕನೇ ತರಗತಿಗೆ ಸ್ಲೇಟು ಇಳಿಸಿದ ಅಕ್ಕನಿಗೆ ಆ ಅಕ್ಷರಗಳು ಓದಲು ಬರಲಿಲ್ಲ. ಅವಳಿಗೆ ಓದುವುದು ಬೇಕಾಗಿಯೂ ಇರಲಿಲ್ಲ. ಮನೆಗೆ ಬಂದವಳೇ ಹೂವಿನ ಡಿಸೈನು ಇಳಿಸುವ ಹಾಗೆ ಚೀಟಿಯ ಕೆಳಗೆ ಕಾರ್ಬನ್ ಇಟ್ಟು, ಓರಗಿತ್ತಿಯ ಅಂಗಿಯ ಕತ್ತಿನ ಪಟ್ಟಿಯ ಒಳಗೆ ಆ ಹೆಸರನ್ನು ಇಳಿಸಿದಳು. ಕೆಂಪು ದಾರದಲ್ಲಿ ಒಂದು ಸಾಲು ಹೊಲಿದಳು, ಅದರ ಬೆನ್ನಿಗೇ ಇನ್ನೊಂದು ಸಾಲು. ಅಂದಿನಿಂದ ಪೀಟಿ ಮೇಡಂಗೆ ಹೊಲಿದ ಅಂಗಿ ಒಂದೂ ಆ ಹೆಸರಿಲ್ಲದೆ ಮಷಿನ್ನಿನಿಂದ ಕೆಳಗಿಳಿಯಲಿಲ್ಲ. ಚೀಟಿ ಎರಡೇ ವರ್ಷಕ್ಕೆ ಗೆದ್ದಲಿನ ಪಾಲಾಯಿತು, ಡಾಕ್ಟರಮ್ಮ ವರ್ಗವಾಗಿ ಹೋದರು. ಹೆಸರು ಮಾತ್ರ ಹಳೆಯ ಅಂಗಿಯಿಂದ ಹೊಸ ಅಂಗಿಗೆ, ಅಲ್ಲಿಂದ ಇನ್ನೊಂದಕ್ಕೆ ದಾಟುತ್ತಾ ಬಂತು. ಕೊನೆಕೊನೆಗೆ ಅಕ್ಕ ನೋಡಿಕೊಳ್ಳುವುದನ್ನೂ ಬಿಟ್ಟಳು. ಕೈಯೇ ಹೊಲಿಯುತ್ತಿತ್ತು.

"ಅಕ್ಕಾ, ಕುತ್ತಿಗೆ ಹಿಂದೆ ಕೆರೆಯುತ್ತೆ. ನಾಯಿ ಕೊರಳಿಗೆ ಬಿಲ್ಲೆ ಕಟ್ಟಿದ ಹಾಗೆ ಇದೇನು ನನಗೆ?" ಎಂದು ಪೀಟಿ ಮೇಡಂ ರೇಗುತ್ತಿದ್ದಳು.

"ನಾಯಿಗಾದ್ರೂ ನಿಯತ್ತಿರುತ್ತೆ. ಸುಮ್ನೆ ಹಾಕ್ಕೋ."

ಹೀಗಿರುವಾಗ ಪೀಟಿ ಮೇಡಂಗೆ ಹೊರದೇಶ ನೋಡುವ ಹುಚ್ಚು ಹಿಡಿಯಿತು. ಇಪ್ಪತ್ತು ಜನರ ಪ್ಯಾಕೇಜ್ ಟೂರು. ಇವರಿಬ್ಬರ ಗಂಡಂದಿರು, ಅಂದರೆ ಅಣ್ಣತಮ್ಮ ಇಬ್ಬರೂ, ಬರುವುದಿಲ್ಲ ಎಂದರು. ಅಣ್ಣನಿಗೆ ಮಂಡಿ ನೋವು, ತಮ್ಮನಿಗೆ ಅಣ್ಣನನ್ನು ನೋಡಿಕೊಳ್ಳುವ ನೆಪ. "ಹಾಳಾಗಿ ಹೋಗಲಿ, ನಾವಿಬ್ರೇ ಹೋಗೋಣ" ಎಂದು ಪೀಟಿ ಮೇಡಂ ಅಕ್ಕನ ಪಾಸ್‌ಪೋರ್ಟನ್ನೂ ತಾನೇ ಮಾಡಿಸಿದಳು. ಅಲ್ಲಿಯ ತನಕ ಎಲ್ಲ ಸರಿ. ಹೊರಡುವ ವಾರ ಅವಳು ಪೇಟೆಯಿಂದ ಹತ್ತು ದಿನಕ್ಕಾಗುವಷ್ಟು ಸಿದ್ಧ ಉಡುಪು ಕೊಂಡುತಂದಳು ನೋಡಿ, ಅಲ್ಲಿ ಕೆಟ್ಟಿತು. ಪ್ಯಾಂಟು, ಟೀಶರ್ಟು, ಜಿಪ್ಪಿನ ಜಾಕೆಟ್ಟು.

"ಮನೇಲಿ ದರ್ಜಿ ಇಟ್ಕೊಂಡು ಅಂಗಡೀಲಿ ಬಟ್ಟೆ ತಂದ್ಯಾ?"

"ಅಯ್ಯೋ ಅಕ್ಕಾ, ಟೂರಿಗೆ ಆರಾಮಾಗಿರಲಿ ಅಂತ. ನಿಮ್ಮ ಅಂಗಿ ಹಾಕ್ಕೊಂಡ್ರೆ ಕೈ ಮೇಲೆತ್ತೋಕೂ ಪರ್ಮಿಷನ್ ಕೇಳಬೇಕು."

ತಮಾಷೆಗೆ ಆಡಿದ ಮಾತು. ಆದರೆ ಅಕ್ಕನಿಗೆ ಚುಚ್ಚಿತು. ಎರಡು ದಿನ ಮೇಲಿಂದ ಸೀಟಿ ಕೇಳಿದರೂ ಹತ್ತಲಿಲ್ಲ. ಆ ಟೀಶರ್ಟುಗಳಿಗೆಲ್ಲ ಹೆಸರು ಹಾಕುವುದು ಒಂದು ಮಧ್ಯಾಹ್ನದ ಕೆಲಸ. 'ಬೇಕಿದ್ರೆ ಬಾಯಿಬಿಟ್ಟು ಕೇಳಲಿ, ನನಗೇನು ದರ್ದು' ಎಂದುಕೊಂಡು ಸುಮ್ಮನಾದಳು. ಪೀಟಿ ಮೇಡಂಗೆ ಅದರ ನೆನಪೇ ಬರಲಿಲ್ಲ. ಮೂವತ್ತು ವರ್ಷ ಒಬ್ಬರು ನೆನಪಿಟ್ಟುಕೊಂಡರೆ ಇನ್ನೊಬ್ಬರು ಆರಾಮಾಗಿ ಮರೆಯುತ್ತಾರೆ. ವಿಮಾನ ಹತ್ತುವ ಹೊತ್ತಿಗೆ ಇಬ್ಬರೂ ರಾಜಿಯಾಗಿದ್ದರು. ಬಟ್ಟೆಗಳು ಹಾಗೇ ಉಳಿದವು. ಇನ್ನು ಸೂಜಿ, ಕತ್ತರಿ ಯಾವುದೂ ತರಬೇಡಿ ಎಂದು ಟೂರಿನ ಮ್ಯಾನೇಜರು ಕಟ್ಟುನಿಟ್ಟಾಗಿ ಹೇಳಿದ್ದರಿಂದ, ನಲವತ್ತು ವರ್ಷದಲ್ಲಿ ಮೊದಲ ಸಲ ಅಕ್ಕ ಸೆರಗಿನ ಅಂಚಿನಲ್ಲಿ ಒಂದು ಸೂಜಿಯೂ ಇಲ್ಲದೆ ಮನೆಯ ಹೊಸ್ತಿಲು ದಾಟಿದಳು.

ನಾಲ್ಕನೆಯ ದಿನ ಬೆಳಿಗ್ಗೆ. ಹಳೆಯ ಊರಿನ ಭಾಗ; ಇಳಿಜಾರು ಬೀದಿ, ಸವೆದ ಕಲ್ಲಿನ ಮೆಟ್ಟಿಲು. ಗುಂಪು ಮ್ಯೂಸಿಯಮ್ಮಿನ ಕಡೆ ಮುಂದೆ ಹೋಯಿತು. ಅಕ್ಕ ಮೆಟ್ಟಿಲ ಕೆಳಗೆ ಒಂದು ದರ್ಜಿ ಅಂಗಡಿಯ ಗಾಜಿನ ಮುಂದೆ ನಿಂತುಬಿಟ್ಟಳು. ಒಳಗೆ ಗೊಂಬೆಗೆ ತೊಡಿಸಿದ ಕೋಟು, ಅದರ ಕಾಜಾಗಳು, ಗುಂಡಿ ತೂರುವ ಆ ಕಂಡಿಗಳು, ಕೈಯಲ್ಲೇ ಹೊಲಿದವು. ಒಂದೊಂದು ಕಾಜಾದ ಸುತ್ತ ಎಷ್ಟು ಹೊಲಿಗೆ ಎಂದು ಎಣಿಸುತ್ತಾ ನಿಂತವಳಿಗೆ ಮೇಲಿಂದ ಬಂದ ಸೀಟಿ ಕೇಳಿಸಿತು. ಕೇಳಿಸಿಯೂ ಎಣಿಸಿದಳು.

"ಅಕ್ಕಾ! ದೇಶ ದಾಟಿ ಬಂದು ಕಾಜಾ ನೋಡ್ತೀರಲ್ಲ, ನಿಮಗೆ..." ಎನ್ನುತ್ತಾ ಪೀಟಿ ಮೇಡಂ ಮೆಟ್ಟಿಲು ಇಳಿದು ಬಂದಳು. ಮಾತು ಮುಗಿಯಲಿಲ್ಲ. ಕಾಲು ಜಾರಿ ಏಳೆಂಟು ಮೆಟ್ಟಿಲು ಉರುಳಿ ಅಕ್ಕನ ಕಾಲ ಬುಡದಲ್ಲೇ ಬಂದು ಬಿದ್ದಳು. ತಲೆ ಕಲ್ಲಿಗೆ ಬಡಿದಿತ್ತು. ಮೊಣಕಾಲ ಕೆಳಗೆ ಪ್ಯಾಂಟು ಹರಿದು ಮೂಳೆ ಹೊರಗೆ ಬಂದಿತ್ತು. ಕೈಯಲ್ಲಿದ್ದ ಫೋನು ಚೂರುಚೂರು.

ಅಕ್ಕನ ಫೋನಿಗೆ ಆ ದೇಶದಲ್ಲಿ ಜೀವವೇ ಇರಲಿಲ್ಲ. ಭಾಷೆ ಬರದು, ಯಾರನ್ನು ಕರೆಯಬೇಕೋ ಗೊತ್ತಿಲ್ಲ. ಕೊನೆಗೆ ಓರಗಿತ್ತಿಯ ಕುತ್ತಿಗೆಯ ಸೀಟಿಯನ್ನೇ ಬಾಯಿಗಿಟ್ಟು ಊದಿದಳು. ಊದಿದಳು ಅಂದರೆ ಹೇಗೆ? ಮೇಲಿನ ಕಿಟಕಿಗಳೆಲ್ಲ ತೆರೆದುಕೊಂಡವು. ಅಂಗಡಿಯೊಳಗಿಂದ ಕತ್ತಿಗೆ ಟೇಪು ಹಾಕಿಕೊಂಡ ಮುದುಕ ದರ್ಜಿ ಓಡಿಬಂದ, ನೋಡಿದ, ಒಳಗೆ ಹೋಗಿ ಫೋನು ಮಾಡಿದ, ಆ ಗೊಂಬೆಯ ಮೈಮೇಲಿದ್ದ ಕೋಟನ್ನೇ ಕಿತ್ತು ತಂದು ಪೀಟಿ ಮೇಡಂಗೆ ಹೊದಿಸಿದ. ಆಂಬುಲೆನ್ಸ್ ಬರುವವರೆಗೂ ಅಕ್ಕನ ಕೈ ಹಿಡಿದು ಏನೇನೋ ಸಮಾಧಾನ ಹೇಳಿದ. ಒಂದಕ್ಷರ ಅರ್ಥವಾಗಲಿಲ್ಲ. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ.

ಆಸ್ಪತ್ರೆಯ ತುರ್ತು ವಿಭಾಗ ಉದ್ದನೆಯ ಬಿಳಿ ಹಜಾರ. ಹಸಿರು ಪರದೆಯ ಹಿಂದೆ ಮಂಚ, ಪಕ್ಕದ ತಟ್ಟೆಯಲ್ಲಿ ತುಂಬಿಸಿಟ್ಟ ಸಿರಿಂಜುಗಳು. ಅವನ್ನು ನೋಡಿದ ಕೂಡಲೇ ಅಕ್ಕ ಓಡಿಹೋಗಿ ತಟ್ಟೆಗೂ ಮಂಚಕ್ಕೂ ನಡುವೆ ಕೈ ಅಗಲಿಸಿ ನಿಂತಳು.

"ಬೇಡ! ಇವಳಿಗೆ ಸೂಜಿ ಬೇಡ!"

ದಪ್ಪ ಕನ್ನಡಕದ ನರ್ಸೊಬ್ಬಳು ಗದರಲಿಲ್ಲ, ತಳ್ಳಲಿಲ್ಲ. ಒಂದು ಹಾಳೆ ತಂದು ಹಿಡಿದಳು. ಅದರ ತುಂಬ ಎಷ್ಟೋ ಲಿಪಿಗಳಲ್ಲಿ ಒಂದೊಂದು ಸಾಲು. ಅಕ್ಕನ ಕಣ್ಣು ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಂತಿತು: 'ಇದು ನಿಮ್ಮ ಭಾಷೆಯಾದರೆ ಇಲ್ಲಿ ಬೆರಳಿಡಿ.' ಅವಳು ಬೆರಳಿಟ್ಟಳು, ತೆಗೆಯಲೇ ಇಲ್ಲ. ನರ್ಸು ಯಾವುದೋ ನಂಬರು ಒತ್ತಿದಳು. ಎರಡು ನಿಮಿಷದಲ್ಲಿ ಫೋನಿನಿಂದ ಒಂದು ಹೆಂಗಸಿನ ಧ್ವನಿ: "ನಮಸ್ಕಾರ ಅಮ್ಮ. ನಾನು ಆಸ್ಪತ್ರೆಯವರ ಪರವಾಗಿ ಮಾತಾಡ್ತಿದ್ದೀನಿ. ಹೆದರಬೇಡಿ, ನಿಧಾನವಾಗಿ ಹೇಳಿ." ಹಿಂದೆ ಎಲ್ಲೋ ಕುಕ್ಕರು ಕೂಗಿತು. ಆ ಕೂಗು ಕೇಳಿದ್ದೇ ಅಕ್ಕನ ಕಣ್ಣಲ್ಲಿ ನೀರು ಬಂತು.

"ತಾಯೀ, ಇವಳಿಗೆ ಒಂದು ಇಂಜೆಕ್ಷನ್ ಆಗಲ್ಲ. ಕೊಟ್ರೆ ಸತ್ತೇಹೋಗ್ತಾಳೆ."

ಡಾಕ್ಟರು ಕೇಳಿಸಿಕೊಂಡರು. ಫೋನಿನ ಹೆಂಗಸು ಅವರ ಮಾತನ್ನು ತಿರುಗಿ ಹೇಳಿದಳು: "ಯಾವ ಇಂಜೆಕ್ಷನ್ ಅಂತ ಕೇಳ್ತಿದ್ದಾರಮ್ಮ. ನೋವಿಂದಾ, ಜ್ಞಾನ ತಪ್ಪಿಸೋದಾ, ಕೀವಾಗದ ಹಾಗೆ ಕೊಡೋದಾ?"

"ಗೊತ್ತಿಲ್ಲ."

"ಹೆಸರು?"

"ಹೆಸರು ಗೊತ್ತು. ಹೇಳೋಕೆ ಬರಲ್ಲ."

ಡಾಕ್ಟರು ಒಂದೊಂದೇ ಹೆಸರು ಹೇಳುತ್ತಾ ಹೋದರು. ಅಕ್ಕ ಯಾವುದಕ್ಕೆ ತಾನೇ ತಲೆಯಾಡಿಸಬೇಕು? ಆ ಹೆಸರನ್ನು ಅವಳು ಜನ್ಮದಲ್ಲಿ ಕಿವಿಯಿಂದ ಕೇಳಿರಲಿಲ್ಲ. ಪೀಟಿ ಮೇಡಂ ಅರೆ ಎಚ್ಚರದಲ್ಲಿ "ಸಾಲಾಗಿ ನಿಂತ್ಕೊಳ್ಳಿ" ಎಂದು ಯಾವುದೋ ಹಳೆಯ ಮಕ್ಕಳಿಗೆ ಹೇಳುತ್ತಿದ್ದಳು.

"ಮನೆಗೆ ಫೋನ್ ಮಾಡಿ! ಬೀರೂಲಿ ಇವಳ ಅಂಗಿಗಳಿವೆ, ಕತ್ತಿನ ಪಟ್ಟೀಲಿ ಹೆಸರಿದೆ, ಓದಿ ಹೇಳ್ತಾರೆ" ಎಂದು ಅಕ್ಕ ನಂಬರು ಹೇಳಿದಳು. ಮಾಡಿದರು. ಊರಲ್ಲಿ ಆಗ ಇನ್ನೂ ಕೋಳಿ ಕೂಗುವ ಹೊತ್ತಲ್ಲ. ಗಂಡನಿಗೆ ಮೂರು ಸಲ, ಮೈದುನನಿಗೆ ಮೂರು ಸಲ. ಕುಂಭಕರ್ಣನ ಪೈಕಿ ಅಣ್ಣತಮ್ಮ, ಎತ್ತಿಯಾರೇ!

"ಅಮ್ಮಾ," ಫೋನಿನ ಹೆಂಗಸಿನ ಧ್ವನಿ ಈಗ ಮೆತ್ತಗಾಗಿತ್ತು, "ಮೂಳೆ ಹೊರಗೆ ಬಂದು ಕೊಳೆ ಸೇರಿದೆಯಂತೆ. ತಡ ಮಾಡಿದ್ರೆ ಕಾಲಿಗೆ, ಆಮೇಲೆ ಜೀವಕ್ಕೂ ಕಷ್ಟ ಅಂತಿದ್ದಾರೆ. ಯಾವುದು ಅಂತ ಗೊತ್ತಾಗದೆ ಕೊಡೋಕೂ ಭಯ, ಬಿಡೋಕೂ ಭಯ. ಬರೆದು ತೋರಿಸ್ತೀರಾ?"

ನರ್ಸು ಪೆನ್ನು ಕೊಟ್ಟಳು. ಅಕ್ಕ ಹಾಳೆಯ ಮೇಲೆ ಪೆನ್ನಿಟ್ಟಳು. ಒಂದು ಗೆರೆ ಬಂತು, ಇನ್ನೊಂದು ಬಂತು, ಆಮೇಲೆ ಎಲ್ಲ ಕಲಸಿಹೋಯಿತು. ಹೇಗೆ ಬಂದೀತು? ಅವಳು ಆ ಅಕ್ಷರಗಳನ್ನು ಬರೆದವಳೇ ಅಲ್ಲ. ಹೊಲಿಯುವಾಗ ಬಲಗೈ ಇದ್ದಲ್ಲೇ ಇದ್ದು ಚುಚ್ಚುತ್ತದೆ. ಬಟ್ಟೆಯನ್ನು ತಿರುಗಿಸಿ ತಿರುಗಿಸಿ ಅಕ್ಷರ ಮಾಡುವುದು ಎಡಗೈ. ಪೆನ್ನು ಹಿಡಿದರೆ ಎಡಗೈಗೆ ಕೆಲಸವೇ ಇಲ್ಲ. ಮೂವತ್ತು ವರ್ಷದ ನೆನಪೆಲ್ಲ ಆ ಎಡಗೈಯಲ್ಲಿ ಕೂತಿತ್ತು. ಒಂದು ಮಧ್ಯಾಹ್ನದ ಕೆಲಸ, ಜಂಬಕ್ಕೆ ಬಿಟ್ಟೆನಲ್ಲ, ಕಾಜಾ ಎಣಿಸುತ್ತಾ ನಿಂತೆನಲ್ಲ ಎಂದುಕೊಳ್ಳುತ್ತಾ ಅವಳು ಪೆನ್ನು ಕೆಳಗಿಟ್ಟಳು.

"ಸೂಜಿ ಕೊಡಿ," ಅಂದಳು.

"ಅಮ್ಮಾ?"

"ಸೂಜಿ, ದಾರ. ನಾನು ದರ್ಜಿ ಕಣಮ್ಮಾ. ಹೊಲಿದು ತೋರಿಸ್ತೀನಿ. ಅವರಿಗೆ ಹೇಳು, ಬೇಗ!"

ಫೋನಿನ ಹೆಂಗಸು ಹೇಳಿದಳು. ಡಾಕ್ಟರು ಹುಬ್ಬು ಗಂಟಿಕ್ಕಿದರು. ಆದರೆ ಕನ್ನಡಕದ ನರ್ಸು ಆಗಲೇ ಪೊಟ್ಟಣ ಹರಿದಿದ್ದಳು. ಗಾಯ ಹೊಲಿಯುವ ಸೂಜಿ. ಮೀನಿನ ಗಾಳದ ಹಾಗೆ ಬಾಗಿದ್ದು, ಅದಕ್ಕೆ ಕಪ್ಪು ರೇಷ್ಮೆ ದಾರ. ಹಿಡಿಯಲು ಕೊಟ್ಟ ಇಕ್ಕಳವನ್ನು ಅಕ್ಕ ಪಕ್ಕಕ್ಕೆ ತಳ್ಳಿದಳು. ಮಂಚದ ಮೇಲಿದ್ದ ಹಸಿರು ಬಟ್ಟೆಯ ತುದಿ ಎಳೆದುಕೊಂಡು ನೆಲದ ಮೇಲೇ ಚಕ್ಕಂಬಕ್ಕಳ ಹಾಕಿ ಕೂತಳು.

ಸೂಜಿ ಬಟ್ಟೆ ಹೊಕ್ಕಿದ್ದೇ ತಡ, ಎಡಗೈ ತಾನಾಗಿ ಬಟ್ಟೆ ತಿರುಗಿಸತೊಡಗಿತು. ಮೇಲಕ್ಕೆ ಮೂರು, ತಿರುಗಿಸು, ಅಡ್ಡಕ್ಕೆ ಎರಡು, ತಿರುಗಿಸು. ಬಾಗಿದ ಸೂಜಿ ಎರಡು ಸಲ ಬೆರಳಿಗೆ ನಾಟಿತು. ಅವಳಿಗೆ ಅದರ ಪರಿವೆ ಇರಲಿಲ್ಲ. ಒಂದು ಅಕ್ಷರ, ಎರಡು, ಮೂರು. ನಾಲ್ಕನೆಯದಕ್ಕೆ ಹೊಸ ಭಯ ಹೊಕ್ಕಿತು: ಅಂಗಿಯಿಂದ ಅಂಗಿಗೆ ದಾಟುವಾಗ ಎಲ್ಲೋ ಒಂದು ಅಕ್ಷರ ಉದುರಿದ್ದರೆ? ಒಂದರ ಬಾಲವನ್ನು ಚೆಂದಕ್ಕೆಂದು ತಾನೇ ಎಲೆಯ ಹಾಗೆ ಸುರುಳಿ ಮಾಡಿದ್ದು ನೆನಪಾಯಿತು. ದೇವರೇ, ಆ ಒಯ್ಯಾರ ಯಾಕೆ ಬೇಕಿತ್ತು ನನಗೆ! ಆದರೂ ಕೈ ನಿಲ್ಲಿಸಲಿಲ್ಲ. ಹಸಿರು ಪರದೆಯ ಸುತ್ತ ನಾಲ್ಕು ಜನ ಬಗ್ಗಿ ನೋಡುತ್ತಿದ್ದರು.

ಏಳನೆಯ ಅಕ್ಷರಕ್ಕೆ ಡಾಕ್ಟರು ಗಟ್ಟಿಯಾಗಿ ಒಂದು ಹೆಸರು ಹೇಳಿದರು. ಕೈ ಚಾಚಿ ತಟ್ಟೆಯಿಂದ ಒಂದು ಸಿರಿಂಜು ಎತ್ತಿ ಅಕ್ಕನಿಗೆ ತೋರಿಸಿದರು. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಅವೇ ಅಕ್ಷರಗಳು, ಸುರುಳಿ ಬಾಲ ಒಂದು ಬಿಟ್ಟು. ಮುಂದಿನ ಗಳಿಗೆಯಲ್ಲಿ ಪೀಟಿ ಮೇಡಂಗೆ ಕೊಡಬೇಕೆಂದು ತುಂಬಿಸಿಟ್ಟದ್ದು ಅದೇ ಔಷಧಿ. ಡಾಕ್ಟರು ಅದನ್ನು ಕಸದ ಡಬ್ಬಿಗೆ ಹಾಕಿದರು, ಬೇರೆ ಯಾವುದೋ ತರಲು ಹೇಳಿದರು, ಮಂಚವನ್ನು ತಳ್ಳಿಕೊಂಡು ಒಳಗೆ ಹೋದರು.

"ಗೊತ್ತಾಯ್ತಂತಮ್ಮ! ಬೇರೆ ಔಷಧಿ ಕೊಡ್ತಾರಂತೆ," ಎಂದಳು ಫೋನಿನ ಹೆಂಗಸು. ಅವಳೂ ಅಳುತ್ತಿದ್ದಳು. "ನೀವು ನಿಲ್ಲಿಸಬಹುದು."

ಅಕ್ಕ ನಿಲ್ಲಿಸಲಿಲ್ಲ. ಉಳಿದ ಅಕ್ಷರಗಳನ್ನೂ ಹೊಲಿದು, ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು. ಆಮೇಲೆ ಅಲ್ಲೇ ಗೋಡೆಗೆ ಒರಗಿ, ಯಾರಿದ್ದಾರೆ ಎಂದೂ ನೋಡದೆ ಬಿಕ್ಕಿ ಬಿಕ್ಕಿ ಅತ್ತಳು. ನರ್ಸು ಬಂದು ಅವಳ ಬೆರಳಿನ ರಕ್ತ ಒರೆಸಿದಳು.

ಮಧ್ಯಾಹ್ನದ ಹೊತ್ತಿಗೆ ಟೂರಿನ ಮ್ಯಾನೇಜರು ಬೆವರುತ್ತಾ ಬಂದ. ಅದರ ಹಿಂದೆಯೇ ಅವನ ಮೊಬೈಲಿಗೆ ಊರಿಂದ ಅಕ್ಕನ ಗಂಡನ ಫೋನು: "ಏನೇ, ಆರು ಮಿಸ್ ಕಾಲ್ ಇದೆ ಇಬ್ಬರದೂ ಸೇರಿ, ಏನಾದ್ರೂ ಅರ್ಜೆಂಟಾ?" ಅಕ್ಕ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದು ಮರ್ಯಾದೆಯಲ್ಲ. ಅಣ್ಣತಮ್ಮ ಇಬ್ಬರೂ ಅಂದಿನಿಂದ ಫೋನನ್ನು ದಿಂಬಿನ ಮೇಲೆ ಇಟ್ಟುಕೊಂಡು ಮಲಗುತ್ತಾರೆ ಎಂದಷ್ಟೇ ಹೇಳಬಹುದು.

ಪೀಟಿ ಮೇಡಂಗೆ ಸರಿಯಾಗಿ ಎಚ್ಚರವಾದದ್ದು ಮರುದಿನ ಬೆಳಿಗ್ಗೆ. ಕಾಲು ಪಟ್ಟಿಯೊಳಗೆ, ತಲೆಗೆ ಬ್ಯಾಂಡೇಜು, ಬಾಯಿ ಮಾತ್ರ ಮೊದಲಿನಂತೆ. "ಕಾಜಾ ಎಷ್ಟು ಹೊಲಿಗೇದು ಅಂತಾದ್ರೂ ಗೊತ್ತಾಯ್ತಾ?" ಎಂದೇ ಕಣ್ಣು ಬಿಟ್ಟಳು. ಅಕ್ಕ ಅವಳ ಕೂದಲು ಸರಿಮಾಡಿದಳು, ಹೊದಿಕೆ ಸರಿಮಾಡಿದಳು, ಮತ್ತೆ ಕೂದಲು ಸರಿಮಾಡಿದಳು.

ಮಂಚದ ತಲೆಯ ಕಡೆ ನರ್ಸು ಆ ಹಸಿರು ಬಟ್ಟೆಯ ತುಂಡನ್ನು ಕತ್ತರಿಸಿ ಪಿನ್ನು ಹಾಕಿ ನೇತುಹಾಕಿದ್ದಳು, ಬಂದ ಡಾಕ್ಟರೆಲ್ಲ ನೋಡಲಿ ಎಂದು. ಪೀಟಿ ಮೇಡಂ ಅದನ್ನು ಬಿಚ್ಚಿ ಕೊಡಲು ಹೇಳಿದಳು. ನಡೆದದ್ದನ್ನೆಲ್ಲ ಅಕ್ಕ ಹೇಳುತ್ತಾ ಹೋದಂತೆ ಅವಳು ಬಟ್ಟೆಯನ್ನು ಮುಖದ ಹತ್ತಿರ ಹಿಡಿದು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಮೂವತ್ತು ವರ್ಷ ಕುತ್ತಿಗೆ ಕೆರೆದ ಹೆಸರು, ಅವಳ ಬೆರಳಿಗೂ ಅದರ ಗುರುತಿತ್ತು.

"ಅಕ್ಕಾ."

"ಏನೇ, ನೋವಾ?"

"ಇದರಲ್ಲಿ ಒಂದೇ ಸಾಲಿದೆ."

ಅಕ್ಕ ಬಟ್ಟೆ ಇಸಿದುಕೊಂಡು ನೋಡಿದಳು. ಹೌದು, ಒಂಟಿ ಹೊಲಿಗೆ. ನಲವತ್ತು ವರ್ಷದಲ್ಲಿ ಅವಳ ಕೈಯಿಂದ ಹೊರಗೆ ಬಂದ ಒಂದೇ ಒಂದು ಒಂಟಿ ಹೊಲಿಗೆ.

"ಎರಡನೇದಕ್ಕೆ ಪುರುಸೊತ್ತಿರಲಿಲ್ಲ ಕಣೇ," ಅಂದಳು. "ನೀನು ಹೋಗ್ಬಿಡ್ತೀಯ ಅನ್ನಿಸ್ತು."

ಪೀಟಿ ಮೇಡಂ ಮೂಗೊರೆಸಿಕೊಂಡಳು. ಆಮೇಲೆ ಮಂಚದ ಪಕ್ಕದ ಗಂಟೆ ಒತ್ತಿ, ಬಂದ ಕನ್ನಡಕದ ನರ್ಸಿಗೆ ಎರಡು ಬೆರಳಲ್ಲಿ ಹೊಲಿಯುವ ಸನ್ನೆ ಮಾಡಿ ತೋರಿಸಿದಳು. ನರ್ಸು ನಕ್ಕು ಹೋಗಿ ಸೂಜಿ ದಾರ ತಂದಳು.

"ಕೂತ್ಕೊಳ್ಳಿ ಅಕ್ಕಾ. ಇನ್ನೊಂದು ಸಾಲು ಹಾಕಿ," ಅಂದಳು ಪೀಟಿ ಮೇಡಂ. "ನಾನೆಲ್ಲೂ ಹೋಗಲ್ಲ."

ಅಕ್ಕ ಕಣ್ಣೊರೆಸಿಕೊಂಡು ಮಂಚದ ಅಂಚಿನಲ್ಲಿ ಕೂತಳು, ಮೊದಲ ಅಕ್ಷರದಿಂದ ಶುರುಮಾಡಿದಳು. ಬಟ್ಟೆಯ ಇನ್ನೊಂದು ತುದಿಯನ್ನು ಪೀಟಿ ಮೇಡಂ ಬಿಗಿಯಾಗಿ ಹಿಡಿದುಕೊಂಡಳು.